ಕೊನೆಯ ತಿರುವಿನವರೆಗೂ ಹೋಗಬಲ್ಲ ದಾರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ನಿಸರ್ಗಧಾಮಗಳ ಕಾಲುದಾರಿಗಳು ಎಲ್ಲರಿಗೂ ಎಟುಕುವಂತಿವೆಯೇ ಎಂಬ ವಿಷಯವಾಗಿ ಪ್ರಶ್ನೆಗಳನ್ನು ಕಳುಹಿಸಬೇಕೆಂದು ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳನ್ನು ಓದುತ್ತಾ ಹೋದಂತೆ ಒಂದೇ ಚಿತ್ರ ಮತ್ತೆ ಮತ್ತೆ ಕಣ್ಣಮುಂದೆ ಬಂತು: ಮನೆಮಂದಿಯೊಡನೆ ಹುರುಪಿನಿಂದ ಹೊರಟವರು ದಾರಿಯ ಬಾಯಿಯಲ್ಲೇ ತಡೆದು ನಿಂತು, ಜೊತೆಗಾರರು ಒಳಗೆಲ್ಲ ಸುತ್ತಾಡಿ ಮರಳುವವರೆಗೆ ವಾಹನಗಳು ನಿಲ್ಲುವ ಜಾಗದಲ್ಲಿ ಕಾಯುತ್ತಾ ಕುಳಿತದ್ದು. ಆ ಕಾಯುವಿಕೆಯನ್ನು ಕಡಿಮೆ ಮಾಡಬಲ್ಲ ಸಂಗತಿಗಳಿರುವ ಪತ್ರಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ತಾಯಿ ಮೂರು ವರ್ಷಗಳಿಂದ ಗಾಲಿಕುರ್ಚಿಯನ್ನು ಬಳಸುತ್ತಿದ್ದಾರೆ. ನಾವು ಹೋದ ನಿಸರ್ಗಧಾಮದ ಫಲಕದ ಮೇಲೆ ಗಾಲಿಕುರ್ಚಿಯ ಚಿತ್ರವಿತ್ತು. ಮುಕ್ಕಾಲು ದಾರಿ ಸಲೀಸಾಗಿ ಸಾಗಿತು. ಆಮೇಲೆ ಸಣ್ಣ ಸೇತುವೆಯೊಂದು ಎದುರಾಯಿತು, ಅದಕ್ಕೆ ನಾಲ್ಕು ಮೆಟ್ಟಿಲುಗಳಿದ್ದವು. ಬಂದ ದಾರಿಯಲ್ಲೇ ಹಿಂದಿರುಗಿದೆವು. ಹೊರಡುವ ಮುನ್ನವೇ ಇಂಥದ್ದನ್ನು ತಿಳಿದುಕೊಳ್ಳಲು ದಾರಿಯುಂಟೇ?

ಉತ್ತರ: ಒಂದು ದಾರಿ ಎಷ್ಟು ಸುಗಮ ಎಂಬುದನ್ನು ಅದರ ಸುಗಮವಾದ ಭಾಗ ಹೇಳುವುದಿಲ್ಲ, ಅತ್ಯಂತ ಕಷ್ಟದ ಒಂದು ಗಜ ಹೇಳುತ್ತದೆ. ಒಂದು ಕಿಲೋಮೀಟರ್ ಉದ್ದಕ್ಕೂ ಅಂಗೈಯಂತೆ ಸಮವಾಗಿರುವ ದಾರಿಯ ನಡುವೆ ನಾಲ್ಕು ಮೆಟ್ಟಿಲುಗಳಿದ್ದರೆ, ನಿಮ್ಮ ತಾಯಿಯ ಪಾಲಿಗೆ ಅದು ಮೆಟ್ಟಿಲುಗಳ ದಾರಿಯೇ. ಆದ್ದರಿಂದ ಫಲಕದ ಮೇಲಿನ ಚಿತ್ರವನ್ನು ನಂಬಿ ಹೊರಡಬೇಡಿ, ಅಳತೆಗಳನ್ನು ಕೇಳಿ ಪಡೆಯಿರಿ.

ಯಾವ ಅಳತೆಗಳು ಎಂದರೆ, ಅಮೆರಿಕದ ಒಕ್ಕೂಟ ಸರ್ಕಾರದ ಭೂಮಿಯಲ್ಲಿರುವ ಹೊರಾಂಗಣ ತಾಣಗಳಿಗಾಗಿ ಅಲ್ಲಿನ ಆಕ್ಸೆಸ್ ಬೋರ್ಡ್ (ಅಂಗವಿಕಲರಿಗೆ ಎಟುಕುವ ಸೌಲಭ್ಯಗಳ ಅಳತೆಗಳನ್ನು ಗೊತ್ತುಮಾಡುವ ಸರ್ಕಾರಿ ಸಂಸ್ಥೆ) 2013ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಇದಕ್ಕೆ ಒಳ್ಳೆಯ ಉತ್ತರವಿದೆ. ಹೊಸದಾಗಿ ನಿರ್ಮಿಸಿದ ಅಥವಾ ಬದಲಾಯಿಸಿದ ಇಂಥ ದಾರಿಯ ಆರಂಭದಲ್ಲಿ ಮಾಹಿತಿ ಫಲಕವಿದ್ದರೆ ಅದರಲ್ಲಿ ಐದು ಸಂಗತಿಗಳಿರಬೇಕೆಂದು ಆ ನಿಯಮ ಹೇಳುತ್ತದೆ. ದಾರಿಯ ಉದ್ದ, ನೆಲದ ಬಗೆ, ಸಾಮಾನ್ಯ ಅಗಲ ಮತ್ತು ಅತಿ ಕಡಿಮೆ ಅಗಲ, ಏರಿಳಿತದ ಸಾಮಾನ್ಯ ಮತ್ತು ಗರಿಷ್ಠ ಪ್ರಮಾಣ, ಹಾಗೆಯೇ ಅಡ್ಡ ಓರೆಯ, ಎಂದರೆ ದಾರಿ ಒಂದು ಬದಿಗೆ ವಾಲಿರುವುದರ, ಸಾಮಾನ್ಯ ಮತ್ತು ಗರಿಷ್ಠ ಪ್ರಮಾಣ. ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದದ್ದು ಸರಾಸರಿಯ ಜೊತೆಗೆ ಅತಿ ಕೆಟ್ಟ ಜಾಗವನ್ನೂ ಹೇಳಲೇಬೇಕೆಂಬ ಒತ್ತಾಯ. ‘ಈ ದಾರಿ ನಿಮಗೆ ಆಗುತ್ತದೆ’ ಎಂದು ಬೇರೆಯವರು ತೀರ್ಮಾನಿಸುವ ಬದಲು, ಇರುವುದನ್ನು ಇರುವಂತೆ ಹೇಳಿ ತೀರ್ಮಾನವನ್ನು ಬರುವವರಿಗೇ ಬಿಡುವ ಮರ್ಯಾದೆ ಅದರಲ್ಲಿದೆ.

ನಿಮ್ಮ ಕಡೆಯ ನಿಸರ್ಗಧಾಮಗಳಲ್ಲಿ ಅಂಥ ಫಲಕವಿಲ್ಲದಿದ್ದರೆ ಮೊದಲೇ ಫೋನ್ ಮಾಡಿ. ‘ಗಾಲಿಕುರ್ಚಿ ತರಬಹುದೇ’ ಎಂದು ಕೇಳಿದರೆ ‘ಧಾರಾಳವಾಗಿ ತನ್ನಿ’ ಎಂಬ ಉತ್ತರ ಬರುತ್ತದೆ. ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಬದಲಾಗಿ, ಕಚೇರಿಯಲ್ಲಿ ಕುಳಿತವರನ್ನು ಬಿಟ್ಟು ದಿನವೂ ದಾರಿಯಲ್ಲಿ ಓಡಾಡುವ ಸಿಬ್ಬಂದಿಯೊಡನೆ ಮಾತನಾಡಿಸುವಂತೆ ಕೋರಿ, ಅವರನ್ನು ಬಿಡಿಬಿಡಿಯಾಗಿ ಕೇಳಿ. ದಾರಿಯಲ್ಲಿ ಎಲ್ಲಾದರೂ ಒಂದೇ ಒಂದು ಮೆಟ್ಟಿಲಾದರೂ ಇದೆಯೇ? ಅತಿ ಕಿರಿದಾದ ಜಾಗ ಎಷ್ಟು ಅಗಲ? ದನಕರು, ಮೋಟಾರ್‌ಸೈಕಲ್ ನುಗ್ಗದಂತೆ ನೆಟ್ಟ ಕಂಬಗಳ ನಡುವೆ ಎಷ್ಟು ಅಂತರವಿದೆ? ಕಳೆದ ಮಳೆಯ ನಂತರ ಎಲ್ಲಿ ಕೊರೆದಿದೆ? ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೇ, ಒಳಗೆ ಅದನ್ನು ತಿರುಗಿಸಲು ಜಾಗವಿದೆಯೇ? ಗಾಲಿಕುರ್ಚಿ ಪೂರ್ತಿ ಸುತ್ತು ತಿರುಗಲು ಸುಮಾರು ಒಂದೂವರೆ ಮೀಟರ್ ಅಡ್ಡಳತೆಯ ಜಾಗ ಬೇಕು. ಅವರಿಗೆ ಬಿಡುವಿದ್ದರೆ ಅತಿ ಕಡಿದಾದ ಜಾಗದ ಒಂದು ಫೋಟೋ ಕಳುಹಿಸುವಂತೆ ಕೇಳಿ. ಹೂವಿನ ಹಾಸಿನ ಹತ್ತು ಚಿತ್ರಗಳಿಗಿಂತ ಆ ಒಂದು ಚಿತ್ರ ನಿಮಗೆ ಹೆಚ್ಚು ಉಪಕಾರ ಮಾಡುತ್ತದೆ.

ಪ್ರಶ್ನೆ: ಏರು ಎಷ್ಟಿದ್ದರೆ ಹೆಚ್ಚು ಎನ್ನಬೇಕು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ.

ಉತ್ತರ: ಲೆಕ್ಕ ಒಂದೇ, ಹೇಳುವ ಬಗೆ ಬೇರೆ. ‘20ಕ್ಕೆ 1’ ಎಂದರೆ 20 ಮೀಟರ್ ಮುಂದೆ ಹೋಗುವಷ್ಟರಲ್ಲಿ ದಾರಿ 1 ಮೀಟರ್ ಮೇಲೇರಿದೆ ಎಂದರ್ಥ. ಅದನ್ನೇ ಶೇಕಡಾ 5 ಎನ್ನುತ್ತಾರೆ. ‘12ಕ್ಕೆ 1’ ಎಂದರೆ ಶೇಕಡಾ 8.33. ಮೇಲೆ ಹೇಳಿದ ನಿಯಮಗಳ ಪ್ರಕಾರ 20ಕ್ಕೆ 1ರವರೆಗಿನ ಏರು ಎಷ್ಟು ಉದ್ದವಿದ್ದರೂ ಅಡ್ಡಿಯಿಲ್ಲ. ಅದಕ್ಕಿಂತ ಕಡಿದಾಗಿ 12ಕ್ಕೆ 1ರವರೆಗೆ ಹೋದರೆ ಸುಮಾರು 60 ಮೀಟರಿಗೊಮ್ಮೆ ಸಮನೆಲದ ತಂಗುಜಾಗ ಇರಬೇಕು. 10ಕ್ಕೆ 1ರವರೆಗಾದರೆ 9 ಮೀಟರಿಗೆ, 8ಕ್ಕೆ 1ರವರೆಗಾದರೆ ಕೇವಲ 3 ಮೀಟರಿಗೆ ತಂಗುಜಾಗ ಬರಬೇಕು. 12ಕ್ಕೆ 1ಕ್ಕಿಂತ ಕಡಿದಾದ ಭಾಗಗಳೆಲ್ಲ ಸೇರಿ ದಾರಿಯ ಒಟ್ಟು ಉದ್ದದ ಶೇಕಡಾ 30ನ್ನು ಮೀರಬಾರದು.

ಈ ಅಂಕಿಗಳ ಹಿಂದೆ ತೋಳಿನ ಶಕ್ತಿಯ ಲೆಕ್ಕವಿದೆ. ಕುಳಿತವರೂ ಕುರ್ಚಿಯೂ ಸೇರಿ 75 ಕಿಲೋ ತೂಗುತ್ತಾರೆ ಎಂದುಕೊಳ್ಳಿ. 20ಕ್ಕೆ 1ರ ಏರಿನಲ್ಲಿ ಕುರ್ಚಿ ಹಿಂದಕ್ಕೆ ಜಾರದಂತೆ ಹಿಡಿಯಲು ನಾಲ್ಕು ಕಿಲೋ ಭಾರವನ್ನು ಎತ್ತಿ ಹಿಡಿದಷ್ಟು ಬಲ ಸಾಕು. 12ಕ್ಕೆ 1ರಲ್ಲಿ ಅದು ಆರು ಕಿಲೋ ದಾಟುತ್ತದೆ, 8ಕ್ಕೆ 1ರಲ್ಲಿ ಒಂಬತ್ತು ಕಿಲೋ ದಾಟುತ್ತದೆ. ಇದು ಬರಿಯ ಹಿಡಿದಿಡುವ ಬಲ. ಮುಂದಕ್ಕೆ ಸಾಗಿಸಲು, ನೆಲದ ತಡೆಯನ್ನು ಮೀರಲು ಬೇಕಾದದ್ದು ಇದರ ಮೇಲೆ ಸೇರುತ್ತದೆ. ತನ್ನ ಗಾಲಿಯನ್ನು ತಾನೇ ತಿರುಗಿಸಿಕೊಂಡು ಹೋಗುವವರಿಗೆ ಹಿಡಿತ ಬದಲಿಸುವ ಆ ಕ್ಷಣಾರ್ಧದಲ್ಲಿ ಕುರ್ಚಿ ಹಿಂದಕ್ಕೆ ಉರುಳಲು ತೊಡಗುತ್ತದೆ. ತಂಗುಜಾಗ ಬೇಕೆನ್ನುವುದು ಅದಕ್ಕೇ.

ಅಳೆಯಲು ದೊಡ್ಡ ಉಪಕರಣವೇನೂ ಬೇಡ. 120 ಸೆಂಟಿಮೀಟರ್ ಉದ್ದದ ನೇರವಾದ ಹಲಗೆಯೊಂದನ್ನು ದಾರಿಯ ಉದ್ದಕ್ಕೆ ಇಟ್ಟು, ಅದರ ಮೇಲೆ ಗಾರೆ ಕೆಲಸದವರು ಬಳಸುವ ರಸಮಟ್ಟವನ್ನು ಇರಿಸಿ. ಗುಳ್ಳೆ ನಡುವಿಗೆ ಬರುವವರೆಗೆ ಹಲಗೆಯ ಕೆಳತುದಿಯನ್ನು ಎತ್ತಿ, ನೆಲಕ್ಕೂ ಹಲಗೆಗೂ ನಡುವಿನ ಸಂದನ್ನು ಅಳೆಯಿರಿ. ಅದು 6 ಸೆಂಟಿಮೀಟರ್ ಇದ್ದರೆ 20ಕ್ಕೆ 1, 10 ಸೆಂಟಿಮೀಟರ್ ಇದ್ದರೆ 12ಕ್ಕೆ 1. ಅದೇ ಹಲಗೆಯನ್ನು ದಾರಿಗೆ ಅಡ್ಡಲಾಗಿಟ್ಟು ಅಳೆದರೆ ಅಡ್ಡ ಓರೆ ಸಿಗುತ್ತದೆ, ಮತ್ತು ಈ ಅಡ್ಡ ಓರೆಯನ್ನು ಕಡೆಗಣಿಸಬಾರದು. ನಡೆಯುವವರ ಪಾದಕ್ಕೆ ಅದು ತಿಳಿಯುವುದೇ ಇಲ್ಲ. ಆದರೆ ಗಾಲಿಕುರ್ಚಿ ತಗ್ಗಿನ ಕಡೆಗೆ ಸದಾ ಎಳೆಯುತ್ತಿರುತ್ತದೆ, ಅದನ್ನು ನೇರಕ್ಕೆ ಇರಿಸಲು ತಗ್ಗಿನ ಕಡೆಯ ತೋಳೊಂದೇ ದುಡಿಯಬೇಕಾಗುತ್ತದೆ, ಅರ್ಧ ಕಿಲೋಮೀಟರ್ ಕಳೆಯುವಷ್ಟರಲ್ಲಿ ಆ ಭುಜ ಸೋತಿರುತ್ತದೆ. ಗಟ್ಟಿ ಹಾಸು ಅಥವಾ ಹಲಗೆಯ ದಾರಿಯಲ್ಲಿ ಇದು 48ಕ್ಕೆ 1ನ್ನು, ಮಣ್ಣು ಮತ್ತು ಜಲ್ಲಿಪುಡಿಯ ದಾರಿಯಲ್ಲಿ 20ಕ್ಕೆ 1ನ್ನು ಮೀರಬಾರದು ಎಂಬುದು ಅದೇ ನಿಯಮಗಳ ಮಿತಿ.

ಪ್ರಶ್ನೆ: ನಮ್ಮ ಸಮಿತಿ ಒಂದು ನಿಸರ್ಗಧಾಮದಲ್ಲಿ ಎಂಟುನೂರು ಮೀಟರ್ ಉದ್ದದ ದಾರಿಯನ್ನು ಮರುನಿರ್ಮಿಸಲು ಹೊರಟಿದೆ. ಕಾಂಕ್ರೀಟ್ ಹಾಕಿದರೆ ಕಾಡಿನ ಕಳೆ ಹೋಗುತ್ತದೆ ಎಂದು ಕೆಲವರು, ಹಾಕದಿದ್ದರೆ ಗಾಲಿ ಉರುಳುವುದಿಲ್ಲ ಎಂದು ಕೆಲವರು. ಯಾವುದು ಸರಿ?

ಉತ್ತರ: ನೆಲ ಹೇಗಿರಬೇಕು ಎಂಬುದಕ್ಕೆ ಎರಡೇ ಪರೀಕ್ಷೆಗಳು: ಭಾರ ಬಿದ್ದಾಗ ಕುಸಿಯಬಾರದು, ತಿರುಗಿದಾಗ ಚದುರಬಾರದು. ಈ ಎರಡನ್ನೂ ಪೂರೈಸುವ ಹಾಸು ಕಾಂಕ್ರೀಟೇ ಆಗಬೇಕೆಂದಿಲ್ಲ. ಕ್ರಷರ್‌ನಿಂದ ಬರುವ ಮೂಲೆಮೂಲೆಯ ಸಣ್ಣ ಜಲ್ಲಿಯನ್ನು ಅದರ ಪುಡಿಯ ಸಮೇತ ಹರಡಿ, ನೀರು ಚಿಮುಕಿಸಿ, ಪದರ ಪದರವಾಗಿ ರೋಲರ್‌ನಿಂದ ಬಿಗಿಮಾಡಿದರೆ ಗಾಲಿಗೂ ಊರುಗೋಲಿಗೂ ಒದಗುವ ಗಟ್ಟಿ ನೆಲ ಸಿಗುತ್ತದೆ, ನೋಡಲೂ ಮಣ್ಣಿನ ಬಣ್ಣಕ್ಕೆ ಹತ್ತಿರವಿರುತ್ತದೆ. ಇಲ್ಲಿ ಪುಡಿಯೇ ಪ್ರಾಣ. ‘ಅಂದವಾಗಿ ಕಾಣಲಿ’ ಎಂದು ಪುಡಿಯನ್ನು ಜರಡಿ ಹಿಡಿದು ಬರಿಯ ಕಲ್ಲನ್ನು ಹಾಸಿದರೆ ಕಲ್ಲುಗಳು ಒಂದನ್ನೊಂದು ಕಚ್ಚಿಕೊಳ್ಳುವುದಿಲ್ಲ.

ಹೊಳೆಯ ದುಂಡು ಕಲ್ಲುಗಳನ್ನಂತೂ ದಯವಿಟ್ಟು ಹಾಸಬೇಡಿ. ವರ್ಷಗಳ ಹಿಂದೆ ಗೆಳೆಯನೊಬ್ಬನ ಕುರ್ಚಿಯನ್ನು ಅಂಥ ದಾರಿಯಲ್ಲಿ ತಳ್ಳಿದ್ದೇನೆ. ಹಿಂದಿನ ದೊಡ್ಡ ಗಾಲಿಗಳು ಹೇಗೋ ಸಾಗಿದವು, ಮುಂದಿನ ಪುಟ್ಟ ಗಾಲಿಗಳು ಮೂರು ಹೆಜ್ಜೆಯೊಳಗೆ ಅಡ್ಡ ತಿರುಗಿ ಕಲ್ಲಿನೊಳಗೆ ಹೂತುಹೋದವು. ನಾನು ಜೋರಾಗಿ ತಳ್ಳಿದಷ್ಟೂ ಅವು ಆಳಕ್ಕೆ ಇಳಿದು, ಅವನ ದೇಹ ಮುಂದಕ್ಕೆ ವಾಲಿ, ಎರಡೂ ಕೈಗಳು ತೋಳಾಸರೆಯನ್ನು ಬಿಗಿಯಾಗಿ ಹಿಡಿದುಕೊಂಡವು. ಕೊನೆಗೆ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಪುಟ್ಟ ಗಾಲಿಗಳನ್ನು ಎತ್ತಿ ಹಿಡಿದು ಎಳೆದುಕೊಂಡು ಹೋದೆ. ಅವನು ನೋಡಬಂದ ಕೆರೆಯ ಕಡೆಗೆ ಅವನ ಬೆನ್ನಿತ್ತು.

ಒದ್ದೆ ನೆಲದ ಮೇಲೆ, ಕೆರೆಯ ಅಂಚಿನಲ್ಲಿ, ಬೇರುಗಳು ಹೆಣೆದುಕೊಂಡ ಜಾಗದಲ್ಲಿ ಕಂಬಗಳ ಮೇಲೆ ಎತ್ತರಿಸಿದ ಹಲಗೆ ದಾರಿಯೇ ಒಳ್ಳೆಯದು. ಹಲಗೆಗಳನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಜೋಡಿಸಬೇಕು. ಉದ್ದಕ್ಕೆ ಜೋಡಿಸಿದರೆ ಪುಟ್ಟ ಗಾಲಿಯೂ ಊರುಗೋಲಿನ ತುದಿಯೂ ಸಂದಿಯಲ್ಲಿ ಸಿಕ್ಕಿಬೀಳುತ್ತವೆ. ಸಂದು 13 ಮಿಲಿಮೀಟರ್ ಮೀರಬಾರದು. ಗಾಲಿ ಜಾರಿ ಕೆಳಗೆ ಬೀಳದಂತೆ ಎರಡೂ ಅಂಚಿಗೆ ಕಟ್ಟು ಬೇಕು. ಹಲಗೆ ದಾರಿ ನೆಲದ ದಾರಿಯನ್ನು ಸೇರುವ ಜಾಗವನ್ನು ಪ್ರತಿ ಮಳೆಗಾಲದ ನಂತರ ನೋಡಿ, ಏಕೆಂದರೆ ಅಲ್ಲಿ ಮಣ್ಣು ತಗ್ಗಿ ಎರಡು ಬೆರಳಿನಷ್ಟು ಹೊಸ್ತಿಲು ತಾನಾಗಿಯೇ ಎದ್ದು ನಿಲ್ಲುತ್ತದೆ. ನೆರಳಿನಲ್ಲಿರುವ ಮರದ ಹಲಗೆಗಳ ಮೇಲೆ ಪಾಚಿ ಕಟ್ಟುವುದೂ ಖಂಡಿತ, ಅದನ್ನು ಉಜ್ಜಿ ತೆಗೆಯುವ ಕೆಲಸಕ್ಕೆ ಆಳನ್ನೂ ಹಣವನ್ನೂ ಈಗಲೇ ಗೊತ್ತುಮಾಡಿ.

ಅಗಲದ ಮಾತು. ಅಮೆರಿಕದ ನಿಯಮದ ಕನಿಷ್ಠ ಅಗಲ 915 ಮಿಲಿಮೀಟರ್. ಅಗಲ 1525 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ, ಎದುರಾದವರು ಒಬ್ಬರನ್ನೊಬ್ಬರು ದಾಟಿಕೊಳ್ಳಲು 300 ಮೀಟರಿಗೊಮ್ಮೆಯಾದರೂ ಅಗಲದ ಜಾಗವಿರಬೇಕು. ನನ್ನನ್ನು ಕೇಳಿದರೆ, ಸಾಧ್ಯವಿದ್ದಲ್ಲೆಲ್ಲ 1525 ಮಿಲಿಮೀಟರ್ ಅಗಲವನ್ನೇ ಇಟ್ಟುಕೊಳ್ಳಿ. ಕಿರಿದಾದ ದಾರಿಯಲ್ಲಿ ಗಾಲಿಕುರ್ಚಿಯ ಹಿಂದೆಯೋ ಮುಂದೆಯೋ ನಡೆಯಬೇಕಾಗುತ್ತದೆ. ಪಕ್ಕದಲ್ಲಿ ಮಾತನಾಡುತ್ತಾ ನಡೆಯುವುದೇ ಅಡ್ಡಾಟದ ಅರ್ಧ ಸುಖವಲ್ಲವೇ?

ಪ್ರಶ್ನೆ: ನನ್ನದು ಬ್ಯಾಟರಿಯ ಗಾಲಿಕುರ್ಚಿ. ಇಷ್ಟು ಕಿಲೋಮೀಟರ್ ಓಡುತ್ತದೆ ಎಂದು ಕಂಪನಿ ಹೇಳಿದ್ದನ್ನು ನಂಬಿ ಕಾಡುದಾರಿಗೆ ಇಳಿಯಬಹುದೇ?

ಉತ್ತರ: ಆ ಅಂಕಿಯನ್ನು ಸಮತಟ್ಟಾದ ಗಟ್ಟಿ ನೆಲದ ಲೆಕ್ಕವೆಂದೇ ತಿಳಿಯಿರಿ. ಏರು, ಮೆದು ನೆಲ, ಚಳಿ, ಹಳೆಯ ಬ್ಯಾಟರಿ ಇವೆಲ್ಲವೂ ಅದನ್ನು ಕಡಿಮೆ ಮಾಡುತ್ತವೆ. ಮೊದಲ ಸಲ ಹೋಗುವಾಗ ಹೇಳಿದ ದೂರದ ಅರ್ಧವನ್ನೇ ಪೂರ್ತಿ ಎಂದು ಭಾವಿಸಿ, ಬ್ಯಾಟರಿ ಸೂಚಕ ಮೂರನೇ ಎರಡು ಪಾಲಿಗೆ ಇಳಿದೊಡನೆ ಹಿಂದಿರುಗಿ. ಬ್ಯಾಟರಿಯ ಕುರ್ಚಿಗಳು ಬಹಳ ಭಾರವಾದ್ದರಿಂದ ದಾರಿಯ ನಡುವೆ ನಿಂತರೆ ಜೊತೆಯವರೊಬ್ಬರು ತಳ್ಳಿ ತರುವುದು ಕಷ್ಟ. ಮೋಟಾರನ್ನು ಗಾಲಿಯಿಂದ ಬಿಡಿಸುವ ಲಿವರ್ ಎಲ್ಲಿದೆ ಎಂಬುದನ್ನು ಮನೆಯಲ್ಲೇ ಜೊತೆಯವರಿಗೆ ತೋರಿಸಿಕೊಡಿ, ಮತ್ತು ಅದನ್ನು ಸಮನೆಲದಲ್ಲಲ್ಲದೆ ಇಳಿಜಾರಿನಲ್ಲಿ ಬಿಡಿಸಬಾರದೆಂದೂ ಹೇಳಿ, ಏಕೆಂದರೆ ಆಗ ಬ್ರೇಕ್ ಕೂಡ ಬಿಟ್ಟಿರುತ್ತದೆ.

ಪ್ರಶ್ನೆ: ನನಗೆ ದೃಷ್ಟಿಯಿಲ್ಲ. ಇಂಥ ದಾರಿಗಳ ಮಾತು ಬಂದಾಗಲೆಲ್ಲ ಗಾಲಿಕುರ್ಚಿಯ ಬಗ್ಗೆಯೇ ಕೇಳುತ್ತೇನೆ. ನನ್ನಂಥವರಿಗೆ ಏನು ಮಾಡಬಹುದು?

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಇಳಿಜಾರನ್ನು ಅಳೆದು ಮುಗಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವ ತಪ್ಪನ್ನು ಯೋಜಕರು ಮಾಡುತ್ತಲೇ ಬಂದಿದ್ದಾರೆ.

ಬಿಳಿಕೋಲಿನಿಂದ ನಡೆಯುವವರಿಗೆ ಮುಖ್ಯವಾಗಿ ಬೇಕಾದದ್ದು ಕಡಿಯದೆ ಸಾಗುವ ಒಂದು ಅಂಚು. ಜಲ್ಲಿಪುಡಿಯ ದಾರಿಗೆ ಹುಲ್ಲಿನ ಅಂಚಿದ್ದರೆ ಕೋಲಿನ ಸದ್ದೂ ಸ್ಪರ್ಶವೂ ಬೇರೆಯಾಗಿ ದಾರಿ ತಾನಾಗಿಯೇ ತಿಳಿಯುತ್ತದೆ. ಹಲಗೆ ದಾರಿಯಲ್ಲಿ ಅಂಚಿನ ಕಟ್ಟು ಅದೇ ಕೆಲಸವನ್ನು ಮಾಡುತ್ತದೆ. ಗಾಲಿ ಜಾರದಿರಲೆಂದು ಹಾಕಿದ ಕಟ್ಟು ಕೋಲಿಗೂ ದಾರಿ ತೋರುವುದನ್ನು ಕಂಡಾಗ ನನಗೆ ತುಂಬ ಸಂತೋಷವಾಗುತ್ತದೆ. ಕೆಲವು ತಾಣಗಳಲ್ಲಿ ಸೊಂಟದೆತ್ತರಕ್ಕೆ ಹಗ್ಗ ಕಟ್ಟಿ, ನಿಂತು ಗಮನಿಸಬೇಕಾದ ಜಾಗ ಬಂದಾಗ ಹಗ್ಗದ ಮೇಲೆ ಗಂಟು ಅಥವಾ ಮಣಿ ಸಿಗುವಂತೆ ಮಾಡಿರುತ್ತಾರೆ. ಕಡಿಮೆ ಖರ್ಚಿನ, ಬಹಳ ಉಪಯೋಗದ ಉಪಾಯ ಇದು.

ಪಾದಕ್ಕೂ ಕೋಲಿಗೂ ತಿಳಿಯುವ ಉಬ್ಬುಗೆರೆಯ ಹಾಸುಗಲ್ಲುಗಳ ಬಗ್ಗೆ ನೀವು ಬಲ್ಲಿರಿ. ಜಪಾನಿನ ಸೈಇಚಿ ಮಿಯಾಕೆ 1965ರಲ್ಲಿ ರೂಪಿಸಿದ ಈ ಹಾಸುಗಲ್ಲುಗಳನ್ನು 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯೊಂದರ ಬಳಿ ಮೊದಲು ಹಾಸಲಾಯಿತು. ಉದ್ದಗೆರೆ ಇದ್ದರೆ ‘ಸಾಗಿ’, ಉಬ್ಬುಚುಕ್ಕೆ ಇದ್ದರೆ ‘ನಿಂತು ಗಮನಿಸಿ’. ಕಾಡುದಾರಿಯ ಉದ್ದಕ್ಕೂ ಇವನ್ನು ಹಾಸಬೇಕಿಲ್ಲ. ದಾರಿ ಕವಲೊಡೆಯುವಲ್ಲಿ, ಸೇತುವೆಯ ಮುನ್ನ, ನೀರಿನ ಅಂಚಿನಲ್ಲಿ ಇದ್ದರೆ ಸಾಕು.

ಕೋಲಿಗೆ ಸಿಗದ ಅಪಾಯ ತಲೆಯ ಮಟ್ಟದ್ದು. ಬಾಗಿದ ಕೊಂಬೆಯ ಬುಡ ದಾರಿಯಾಚೆ ಇರುತ್ತದೆ, ಕೋಲು ಖಾಲಿ ನೆಲವನ್ನೇ ಮುಟ್ಟುತ್ತದೆ, ಕೊಂಬೆ ಮುಖಕ್ಕೆ ತಾಗುತ್ತದೆ. ನೆಲದಿಂದ 2030 ಮಿಲಿಮೀಟರ್ ಎತ್ತರದವರೆಗೆ ಏನೂ ಚಾಚಿಕೊಂಡಿರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ. ಆದರೆ ಮಳೆಗಾಲದಲ್ಲಿ ಗಿಡಬಳ್ಳಿಗಳು ಬೆಳೆಯುವ ವೇಗಕ್ಕೆ ವರ್ಷಕ್ಕೊಮ್ಮೆ ಸವರಿದರೆ ಸಾಲದು.

ಇನ್ನು ವಿವರಗಳ ಮಾತು. ಬ್ರೈಲ್ ಫಲಕ ಹಾಕಿದ್ದೇವೆ ಎಂದಷ್ಟಕ್ಕೆ ತೃಪ್ತರಾಗುವುದು ಸರಿಯಲ್ಲ, ಏಕೆಂದರೆ ನಡುವಯಸ್ಸು ದಾಟಿದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಅನೇಕರು ಬ್ರೈಲ್ ಕಲಿತಿರುವುದಿಲ್ಲ. ಬ್ರೈಲ್, ಉಬ್ಬಕ್ಷರ, ಧ್ವನಿ ಈ ಮೂರೂ ಇರಲಿ. ಲೋಹದ ತಗಡಿನ ಫಲಕವನ್ನು ಬಿಸಿಲಿಗೆ ನಿಲ್ಲಿಸಿದರೆ ಮಧ್ಯಾಹ್ನದ ಹೊತ್ತಿಗೆ ಬೆರಳಿಡಲಾಗುವುದಿಲ್ಲ. ಕಣ್ಣಿನಿಂದ ಓದುವವರಿಗೆ ಇದು ಹೊಳೆಯುವುದೇ ಇಲ್ಲ. ಫಲಕ ಹೇಳುವ ಸಂಗತಿಯೂ ಬದಲಾಗಬೇಕು. ‘ಎದುರಿಗೆ ಕಾಣುವ ಬೆಟ್ಟಸಾಲು’ ಎಂಬ ವಾಕ್ಯ ನಿಮಗೆ ಏನನ್ನೂ ಕೊಡುವುದಿಲ್ಲ. ಪಕ್ಕದಲ್ಲಿರುವ ಎರಡು ಮರಗಳ ತೊಗಟೆಗಳು ಹೇಗೆ ಬೇರೆ, ಒಂದು ಬಿರುಕುಬಿರುಕಾಗಿದ್ದು ಇನ್ನೊಂದು ಏಕೆ ನುಣುಪು, ಬೆಳಗಿನ ಹೊತ್ತು ಇಲ್ಲಿ ಯಾವ ಹಕ್ಕಿ ಕೂಗುತ್ತದೆ ಎಂದು ಹೇಳಿದರೆ ಅದು ನಿಮಗೂ ಸಲ್ಲುತ್ತದೆ, ಕಣ್ಣಿದ್ದೂ ಮರವನ್ನು ಎಂದೂ ಮುಟ್ಟಿ ನೋಡದವರಿಗೂ ಸಲ್ಲುತ್ತದೆ.

ಪ್ರಶ್ನೆ: ವಯಸ್ಸು ಎಪ್ಪತ್ತೆರಡು, ಮಂಡಿ ನೋವಿದೆ, ಆದರೆ ಗಾಲಿಕುರ್ಚಿಯ ಅಗತ್ಯವಿಲ್ಲ. ನಡುನಡುವೆ ಕೂರಲು ಸಿಕ್ಕರೆ ಎಷ್ಟು ದೂರ ಬೇಕಾದರೂ ನಡೆಯಬಲ್ಲೆ. ಬೆಂಚುಗಳ ಬಗ್ಗೆಯೂ ಬರೆಯಿರಿ.

ಉತ್ತರ: ಬೆಂಚು ಇದ್ದರಷ್ಟೇ ಸಾಲದು, ಕೂತವರು ಏಳುವಂತಿರಬೇಕು. ಅಂದಕ್ಕಾಗಿ ಮರದ ದಿಮ್ಮಿಯನ್ನು ಸೀಳಿ ಮಾಡಿದ ತಗ್ಗು ಆಸನದಲ್ಲಿ ಮಂಡಿ ನೋವಿನವರು ಕೂರಬಲ್ಲರು, ಏಳಲು ಮಾತ್ರ ಇನ್ನೊಬ್ಬರ ಕೈ ಬೇಕಾಗುತ್ತದೆ. ಕೂರುವ ಎತ್ತರ 43ರಿಂದ 48 ಸೆಂಟಿಮೀಟರ್ ಇರಲಿ, ಬೆನ್ನಿಗೆ ಒರಗುವ ಹಲಗೆ ಇರಲಿ, ಒತ್ತಿ ಏಳಲು ತೋಳಾಸರೆ ಇರಲೇಬೇಕು. ಬೆಂಚಿನ ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲಲು ಸುಮಾರು 76 ಸೆಂಟಿಮೀಟರ್ ಅಗಲ, 122 ಸೆಂಟಿಮೀಟರ್ ಉದ್ದದ ಗಟ್ಟಿ ನೆಲವನ್ನು ಬಿಟ್ಟರೆ ಗಂಡಹೆಂಡಿರಲ್ಲಿ ಒಬ್ಬರು ಬೆಂಚಿನಲ್ಲೂ ಇನ್ನೊಬ್ಬರು ಕುರ್ಚಿಯಲ್ಲೂ ಅಕ್ಕಪಕ್ಕ ಕೂರಬಹುದು.

ಎಷ್ಟು ದೂರಕ್ಕೊಂದು ಎಂದರೆ, ನೂರು ಮೀಟರಿಗೊಂದು ಎಂಬುದು ನನ್ನ ಅನುಭವಕ್ಕೆ ಒಪ್ಪುವ ಲೆಕ್ಕ. ಏರಿನಲ್ಲಿ ಇನ್ನೂ ಹತ್ತಿರವಿರಲಿ. ಮುಂದಿನ ಬೆಂಚು ಈ ಬೆಂಚಿನಿಂದಲೇ ಕಾಣುವಂತಿದ್ದರೆ ಅಥವಾ ‘ಮುಂದಿನ ಆಸನ 90 ಮೀಟರ್’ ಎಂಬ ಪುಟ್ಟ ಫಲಕವಿದ್ದರೆ ನಿಮ್ಮಂಥವರ ಧೈರ್ಯ ಎಷ್ಟೋ ಹೆಚ್ಚುತ್ತದೆ. ಹಿಂದಿರುಗುವ ದೂರದ ಲೆಕ್ಕ ಸಿಗದಿರುವುದೇ ಅನೇಕ ಹಿರಿಯರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಪ್ರಶ್ನೆ: ಖಂಡಿಸುತ್ತಿದ್ದೇನೆ ಎಂದು ಭಾವಿಸಬೇಡಿ. ನಿಸರ್ಗದ ಒರಟುತನವೇ ಅದರ ಸೊಗಸು. ಎಲ್ಲ ಕಡೆಯೂ ದಾರಿ ಸಮಮಾಡುತ್ತಾ ಹೋದರೆ ಕಾಡು ಉದ್ಯಾನವಾಗಿಬಿಡುವುದಿಲ್ಲವೇ? ಮರಗಳಿಗೂ ಹಾನಿಯಲ್ಲವೇ?

ಉತ್ತರ: ನಿಮ್ಮ ಕಾಳಜಿಯ ಎರಡನೆಯ ಭಾಗವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ನಿಜವಿದೆ. ಮರದ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಅಲ್ಲಿ ಅಗೆದರೆ ಬೇರು ಕತ್ತರಿಸುತ್ತದೆ, ಭಾರದ ಯಂತ್ರ ಓಡಾಡಿದರೆ ಮಣ್ಣು ಅದುಮಿ ಗಾಳಿಯೂ ನೀರೂ ಇಳಿಯದೆ ಮರ ವರ್ಷಗಳ ನಂತರ ಸೊರಗುತ್ತದೆ. ಆದ್ದರಿಂದ ಮರದ ಹತ್ತಿರ ದಾರಿಯನ್ನು ಅಗೆದು ಕೂರಿಸಬಾರದು. ದಾರಿಯನ್ನೇ ಬಳಸಿ ಒಯ್ಯಬೇಕು, ಅದು ಆಗದಿದ್ದರೆ ಬೇರಿಲ್ಲದ ಜಾಗವನ್ನು ನೋಡಿ ಕಂಬ ನೆಟ್ಟು ಹಲಗೆ ಹಾಸಬೇಕು.

ಆದರೆ ಗಟ್ಟಿ ದಾರಿಯಿಂದಲೇ ಕಾಡು ಹಾಳಾಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಕೆಸರಾದ ಕಾಲುದಾರಿಯನ್ನು ಒಂದು ಮಳೆಗಾಲ ಗಮನಿಸಿ ನೋಡಿ. ಮೊದಲು ಬಂದವರು ನಡುವಿನ ಹೊಂಡವನ್ನು ತಪ್ಪಿಸಿ ಎಡಕ್ಕೆ ಕಾಲಿಡುತ್ತಾರೆ, ಎಡವೂ ಕೆಸರಾದಾಗ ಮುಂದಿನವರು ಬಲಕ್ಕೆ ಹೋಗುತ್ತಾರೆ, ತಿಂಗಳು ಕಳೆಯುವಷ್ಟರಲ್ಲಿ ಮೂರಡಿಯ ದಾರಿ ಹನ್ನೆರಡು ಅಡಿಯಾಗಿ, ಎರಡೂ ಬದಿಯ ಸಸಿಗಳು ತುಳಿತಕ್ಕೆ ಸಿಕ್ಕಿ ಸತ್ತಿರುತ್ತವೆ. ನೀರು ಬಸಿದುಹೋಗುವಂತೆ ಮಾಡಿದ ಗಟ್ಟಿ ದಾರಿಯಿದ್ದರೆ ಜನ ಅದನ್ನು ಬಿಟ್ಟು ಇಳಿಯುವುದಿಲ್ಲ. ಗಾಲಿಗೆ ಅನುಕೂಲವಾದ ದಾರಿಯೇ ಅಲ್ಲಿ ಗಿಡಗಳಿಗೂ ಕಾವಲು.

ಒರಟುತನದ ಬಗ್ಗೆ ಹೇಳುವುದಾದರೆ, ಬೆಟ್ಟದ ಮೈಗೆ ಕಡಿದ ಮೆಟ್ಟಿಲುಗಳೂ ಹಳ್ಳಕ್ಕೆ ಹಾಕಿದ ಕಾಲುಸೇತುವೆಯೂ ಮನುಷ್ಯನೇ ಮಾಡಿದವು. ನಡೆಯಬಲ್ಲವರಿಗಾಗಿ ನಿಸರ್ಗವನ್ನು ತಿದ್ದಿದಾಗ ಅದು ನಮ್ಮ ಕಣ್ಣಿಗೆ ತಿದ್ದುಪಡಿಯೆಂದು ಕಾಣಲೇ ಇಲ್ಲ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಮನರಂಜನೆ, ಬಿಡುವು ಮತ್ತು ಪ್ರವಾಸದ ತಾಣಗಳಿಗೆ ಪ್ರವೇಶವನ್ನು ಹಕ್ಕಿನ ಮಾತಾಗಿಯೇ ಹೇಳುತ್ತದೆ. ಹಾಗೆಂದು ಪ್ರತಿ ಶಿಖರಕ್ಕೂ ಸಮದಾರಿ ಬೇಕೆಂದು ಯಾರೂ ಕೇಳುತ್ತಿಲ್ಲ. ನಾನು ಮೇಲೆ ಉಲ್ಲೇಖಿಸಿದ ಅಮೆರಿಕದ ನಿಯಮಗಳೂ ಭೂಮಿಯ ಸ್ವರೂಪವು ಸಾಧ್ಯವಾಗಿಸದ ಕಡೆ, ಜಾಗದ ಮೂಲ ಗುಣವೇ ಕೆಡುವ ಕಡೆ ವಿನಾಯಿತಿ ಕೊಡುತ್ತವೆ. ಹತ್ತು ದಾರಿಗಳಿರುವ ನಿಸರ್ಗಧಾಮದಲ್ಲಿ ಎರಡಾದರೂ ಎಲ್ಲರಿಗೂ ಎಟುಕಲಿ, ಅವು ವಾಹನ ನಿಲ್ದಾಣದ ಸುತ್ತ ಸುತ್ತಿ ಮುಗಿಯದೆ ಕೆರೆಯವರೆಗೆ, ಜಲಪಾತದ ಸದ್ದು ಕೇಳುವವರೆಗೆ, ಅಲ್ಲಿನ ಅತ್ಯುತ್ತಮ ನೋಟದವರೆಗೆ ಹೋಗಲಿ ಎಂಬುದಷ್ಟೇ ನನ್ನ ಆಗ್ರಹ. ಆ ನೋಟದ ಜಾಗದಲ್ಲಿ ಅಡ್ಡಕಂಬಿಯನ್ನು ಹಾಕುವ ಮುನ್ನ ಒಮ್ಮೆ ಕುರ್ಚಿಯ ಮೇಲೆ ಕುಳಿತು ನೋಡಬೇಕು. ಎಷ್ಟೋ ಕಡೆ ಕಂಬಿಯ ಮೇಲ್ಪಟ್ಟಿ ಸರಿಯಾಗಿ ಕುಳಿತವರ ಕಣ್ಣಿನ ಮಟ್ಟಕ್ಕೇ ಬಂದು ಕೆರೆಯನ್ನು ಮುಚ್ಚಿರುತ್ತದೆ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗನಿಗೆ ಆಟಿಸಂ ಇದೆ. ಮರಗಳ ನಡುವೆ ಅವನು ಶಾಂತವಾಗುತ್ತಾನೆ, ಆದರೆ ಹೊಸ ಜಾಗವೆಂದರೆ ಗಾಬರಿ. ಯಾವ ಬಗೆಯ ದಾರಿಯನ್ನು ಆರಿಸಬೇಕು?

ಉತ್ತರ: ಹೊರಟಲ್ಲಿಗೇ ಬಂದು ಸೇರುವ, ಕವಲುಗಳಿಲ್ಲದ ಸಣ್ಣ ಸುತ್ತುದಾರಿಯನ್ನು ಆರಿಸಿ. ಮುಂಚೆ ನೀವೊಬ್ಬರೇ ಹೋಗಿ ಬಾಗಿಲು, ಮೊದಲ ತಿರುವು, ಸೇತುವೆ, ಬೆಂಚು, ಶೌಚಾಲಯ ಹೀಗೆ ಬರುವ ಕ್ರಮದಲ್ಲೇ ಚಿತ್ರ ತೆಗೆದು ತಂದು, ಕೆಲವು ದಿನ ಮಗನಿಗೆ ತೋರಿಸಿ. ಮುಂದೆ ಏನು ಬರುತ್ತದೆಂದು ತಿಳಿದಿದ್ದರೆ ಗಾಬರಿ ಬಹಳಷ್ಟು ತಗ್ಗುತ್ತದೆ. ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರದ ಅಬ್ಬರವಿದೆಯೇ ಎಂದೂ ನೋಡಿಕೊಳ್ಳಿ, ಎಷ್ಟೋ ಮಕ್ಕಳ ದಿನ ಅಲ್ಲೇ ಕೆಡುತ್ತದೆ. ಜನ ಕಡಿಮೆಯಿರುವ ಹೊತ್ತು ಯಾವುದೆಂದು ಸಿಬ್ಬಂದಿಯನ್ನು ಕೇಳಿ. ಮಗ ನೀರನ್ನು ಕಂಡರೆ ಓಡುವ ಸ್ವಭಾವದವನಾದರೆ ಬೇಲಿಯಿಲ್ಲದ ಕೆರೆಯಿರುವ ದಾರಿಯನ್ನು ಸದ್ಯಕ್ಕೆ ಬಿಡುವುದೇ ಕ್ಷೇಮ.

ಪ್ರಶ್ನೆ: ಕಾಲೇಜಿನ ಗೆಳೆಯರ ಗುಂಪಿನಲ್ಲಿ ಒಬ್ಬಳು ನಡೆಯಲಾರಳು. ಸಮದಾರಿಯಿಲ್ಲದ ಬೆಟ್ಟಕ್ಕೂ ಅವಳನ್ನು ಕರೆದೊಯ್ಯಬೇಕೆಂಬ ಆಸೆ ನಮಗೆಲ್ಲ. ಹೊತ್ತುಕೊಂಡು ಹೋಗುವುದು ಸರಿಯೇ?

ಉತ್ತರ: ತೋಳಿನಲ್ಲಿ ಹೊರುವುದು ಬೇಡ, ಒಬ್ಬರು ಎಡವಿದರೂ ಇಬ್ಬರಿಗೂ ಪೆಟ್ಟಾಗುತ್ತದೆ. ಇದಕ್ಕಾಗಿಯೇ ಮಾಡಿದ ಸಾಧನವೊಂದಿದೆ. ಫ್ರಾನ್ಸಿನ ಪರ್ವತ ಮಾರ್ಗದರ್ಶಿ ಜೋಯೆಲ್ ಕ್ಲೋಡೆಲ್ ಅವರು ಸ್ನಾಯುರೋಗವಿದ್ದ ತಮ್ಮ ಕುಟುಂಬದ ಹುಡುಗನೊಬ್ಬನಿಗೂ ಬೆಟ್ಟ ತೋರಿಸಬೇಕೆಂದು 1987ರಲ್ಲಿ ಒಂದೇ ಗಾಲಿಯ ಕುರ್ಚಿಯನ್ನು ಕಟ್ಟಿದರು. ಅದೇ ಇಂದು ಜೋಯೆಲೆಟ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಕುರ್ಚಿಯ ಅಡಿಯಲ್ಲಿ ಒಂದು ಗಾಲಿ, ಮುಂದೆ ಎಳೆಯುವವರಿಗೆ ಹಿಡಿ, ಹಿಂದೆ ಸಮತೋಲ ಕಾಯುವವರಿಗೆ ಹಿಡಿ. ಒಂದೇ ಗಾಲಿಯಾದ್ದರಿಂದ ಕಿರಿದಾದ ಕಾಲುದಾರಿಯಲ್ಲಿ, ಕಲ್ಲುಬೇರುಗಳ ನಡುವೆ ಅದು ಹಾದುಹೋಗುತ್ತದೆ. ಕನಿಷ್ಠ ಇಬ್ಬರು ಬೇಕು. ಏರು ಹೆಚ್ಚಿದ್ದರೆ ಸರದಿಯ ಮೇಲೆ ಕೈಜೋಡಿಸಲು ಇನ್ನೂ ಇಬ್ಬರು ಮೂವರಿರುವುದು ಒಳ್ಳೆಯದು. ಅಮೆರಿಕದ ಕೆಲವು ಉದ್ಯಾನಗಳಲ್ಲಿ ಟ್ಯಾಂಕಿನಂಥ ಪಟ್ಟಿಯ ಮೇಲೆ ಚಲಿಸುವ ಬ್ಯಾಟರಿ ಕುರ್ಚಿಗಳನ್ನೂ ಬಂದವರಿಗೆ ಬಳಸಲು ಕೊಡುತ್ತಾರೆ.

ಸಾಧನ ಯಾವುದೇ ಆಗಲಿ, ಬೆಟ್ಟಕ್ಕೆ ಹೋಗುವ ಮುನ್ನ ಸಮನೆಲದಲ್ಲಿ, ಆಮೇಲೆ ಸಣ್ಣ ಇಳಿಜಾರಿನಲ್ಲಿ ಅಭ್ಯಾಸ ಮಾಡಿ. ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದೊಂದು ಸಲ ಆ ಕುರ್ಚಿಯಲ್ಲಿ ಕುಳಿತು, ಇತರರು ಎಳೆಯುವಾಗ ಹೇಗನಿಸುತ್ತದೆ ಎಂಬುದನ್ನು ಅನುಭವಿಸಿ. ಇಳಿಯುವಾಗಿನ ವೇಗವನ್ನು ಕುಳಿತವಳೇ ಹೇಳಲಿ. ‘ನಿಲ್ಲಿ’ ಎಂದೊಡನೆ ಯಾರೂ ಮರುಪ್ರಶ್ನೆ ಹಾಕದೆ ನಿಲ್ಲುವುದೆಂದು ಹೊರಡುವ ಮೊದಲೇ ಒಪ್ಪಂದವಾಗಲಿ. ಎಲ್ಲಕ್ಕಿಂತ ಮುಂಚೆ ಅವಳನ್ನೇ ಕೇಳಿ. ನಿಮ್ಮ ಪತ್ರದಲ್ಲಿ ನಿಮ್ಮೆಲ್ಲರ ಆಸೆ ಇದೆ, ಅವಳಿಗೆ ಯಾವ ಬೆಟ್ಟ ನೋಡಬೇಕೆಂದಿದೆ ಎಂಬುದು ಇಲ್ಲ.